ಕರ್ಮಣಿ ಪ್ರಯೋಗ

"ಒಳ್ಳೇದಾಯ್ತು ಅಂತಲೋ, ಕೆಟ್ಟದ್ದಾಯ್ತು ಅಂತಲೋ?"

ತ್ರಾಮ್ ಕೇಳಿದ್ದು ಯಾರನ್ನೂ ಅಲ್ಲ. ಮೊಣಕಾಲ ಮೇಲೆ ಹಾಳೆ, ಹಲ್ಲಿನ ನಡುವೆ ಪೆನ್ಸಿಲು. ಅಂಗಳದಾಚೆ ಬೆಳಗಿನ ಹಿನ್ನೀರು ಮೆಲ್ಲಗೆ ಬಣ್ಣ ಬದಲಿಸುತ್ತಿತ್ತು. ಬಾಗಿಲ ಪಕ್ಕದ ಜೋಲಿಯಲ್ಲಿ ಕೂತು ಬಲೆಯ ಹರುಕು ಹೆಣೆಯುತ್ತಿದ್ದ ಅಜ್ಜಿ, ಕೇಳಿದ್ದು ತನ್ನನ್ನಲ್ಲವೆಂದು ಇನ್ನೊಂದು ಗಂಟು ಹಾಕಿದಳು.

ಪಾಠದ ಹೆಸರು ಸುಸ್ಥಿರ ಅಭಿವೃದ್ಧಿ, ವ್ಯಾಕರಣ ಕರ್ಮಣಿ ಪ್ರಯೋಗ. ನಿಮ್ಮ ಊರಿನ ಬಗ್ಗೆ ಇಂಗ್ಲಿಷಿನಲ್ಲಿ ಐದು ವಾಕ್ಯ ಬರೆದು, ಕೆಳಗೆ ವಿಯೆಟ್ನಾಮಿಯಲ್ಲಿ ಅರ್ಥ ಬರೆದು ತನ್ನಿ ಎಂದಿದ್ದರು ಟೀಚರು. ಐದೂ ಸರಿಯಿದ್ದವರು ಶನಿವಾರ ಬರುವ ಹೊರದೇಶದ ಅತಿಥಿಗಳ ಜೊತೆ ದೋಣಿಯಲ್ಲಿ ಹೋಗಿ ಊರಿನ ಕಥೆ ಹೇಳಬೇಕು. ಆ ದೋಣಿಯಲ್ಲಿ ಕೂರುವ ಆಸೆಗೆ ತ್ರಾಮ್ ಬೆರಳಲ್ಲಿ ದಿನ ಎಣಿಸುತ್ತಿದ್ದಳು. ನಾಲ್ಕು ವಾಕ್ಯ ಸಲೀಸಾಗಿ ಬಂದವು. ಐದನೆಯದು ಹೀಗಿತ್ತು: 'ಅವರ್ ವಿಲೇಜ್ ವಾಸ್ ಮೂವ್ಡ್ ಫ್ರಮ್ ದ ವಾಟರ್ ಟು ದ ಲ್ಯಾಂಡ್.' ದೋಣಿಯಲ್ಲೇ ಹುಟ್ಟಿ ದೋಣಿಯಲ್ಲೇ ಸಾಯುತ್ತಿದ್ದ ಊರನ್ನು, ಬಿರುಗಾಳಿಗೆ ಜನ ಉಳಿಯಲಿ, ನೀರೂ ಚೊಕ್ಕಟವಾಗಿರಲಿ ಎಂದು ದಡಕ್ಕೆ ತಂದ ಸಂಗತಿ.

ಇಂಗ್ಲಿಷಿಗೆ ಅಷ್ಟು ಸಾಕು. ವಿಯೆಟ್ನಾಮಿಗೆ ಸಾಲದು. ಅಲ್ಲಿ ಆದದ್ದು ಒಳಿತಾದರೆ 'ದುವೊಕ್' ಅನ್ನಬೇಕು, ಕೆಡುಕಾದರೆ 'ಬಿ'. ಗಿಡಗಳು ನೆಡಲ್ಪಟ್ಟವು ಅಂದರೆ ದುವೊಕ್, ಬಲೆಗಳು ಹರಿಯಲ್ಪಟ್ಟವು ಅಂದರೆ ಬಿ. ಇವೆರಡರ ನಡುವಿನ ಮಾತನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

"ದುವೊಕ್ ಅಂತ ಬರ್ದು ಏಳೇ," ಎಂದಳು ತಾಯಿ, ಸೀಗಡಿಯ ಬುಟ್ಟಿಯನ್ನು ಬೈಕಿನ ಹಿಂದೆ ಬಿಗಿಯುತ್ತ. "ನಲ್ಲಿ ಇದೆ, ಕರೆಂಟಿದೆ, ಸ್ಕೂಲಿದೆ. ಇನ್ನೇನು, ಅರಮನೆ ಕೊಡ್ಬೇಕಿತ್ತಾ?"

"ನಿನ್ನೆ ಹಾಗೇ ಬರೆದಿದ್ದೆ. ಮನೆಯವರನ್ನ ಕೇಳಿ ಬರೆದ್ಯಾ ಅಂದ್ರು ಟೀಚರು. ಕೇಳ್ದೇ ಬರೆದ್ರೆ ತಪ್ಪಂತೆ."

"ಮನೆಯವಳು ನಾನು ಹೇಳ್ತಿದೀನಲ್ಲ."

"ನೀನು ಹುಟ್ಟಿದ್ದೇ ದಡಕ್ಕೆ ಬಂದ್ಮೇಲೆ. ನಿನ್ನನ್ನ ಯಾರು ಎಲ್ಲಿಂದ ತಂದ್ರು?"

"ನೋಡಮ್ಮಾ, ನಿನ್ನ ಮೊಮ್ಮಗಳ ಬಾಯಿ," ಎಂದು ತಾಯಿ ನಕ್ಕು, ಮಾರ್ಕೆಟ್ಟಿಗೆ ಹೊತ್ತಾಯಿತೆಂದು ಹೊರಟೇಹೋದಳು.

ಉಳಿದವಳು ಅಜ್ಜಿ. ನೇರವಾಗಿ ಕೇಳಲು ಧೈರ್ಯ ಬರದೆ ತ್ರಾಮ್ ಜೋಲಿಯ ಹತ್ತಿರ ಸರಿದು ಕೂತು ಬಾಯಿಪಾಠ ಒಪ್ಪಿಸತೊಡಗಿದಳು. ಗಿವ್, ಗೇವ್, ಗಿವನ್. ಟೇಕ್, ಟುಕ್, ಟೇಕನ್. ಅಜ್ಜಿ ಮಂತ್ರ ಕೇಳುವವಳ ಹಾಗೆ ತಲೆದೂಗಿದಳು.

"ಇದು ಯಾವ ದೇವರದ್ದೇ?"

"ದೇವರದ್ದಲ್ಲ ಅಜ್ಜಿ, ವ್ಯಾಕರಣ. ಮೊದಲನೇದು ಕೊಡೋದು, ಎರಡನೇದು ತಗೊಳ್ಳೋದು."

"ಎರಡಕ್ಕೂ ಒಂದೇ ರಾಗ ಇಟ್ಟಿದಾರಲ್ಲ," ಎಂದಳು ಅಜ್ಜಿ. "ಅದೇನೋ ಸುಸ್ಥಿರ ಅಂತಿದ್ಯಲ್ಲ, ಅದೇನು?"

"ಅಲುಗಾಡದೆ ತುಂಬ ಕಾಲ ನಿಲ್ಲೋದು."

"ಹಾಗನ್ನು. ಅದಕ್ಕೇ ಈ ಮನೇಲಿ ನಂಗೆ ತಲೆ ಸುತ್ತೋದು."

ತ್ರಾಮ್ ತಟ್ಟನೆ ಪೆನ್ಸಿಲು ಹಿಡಿದಳು. "ಅಂದ್ರೆ ಬಿ ಅಂತ ಬರೀಲಾ?"

"ನೀರ ಮೇಲಿದ್ದಾಗ ಸತ್ತೋರನ್ನ ಹೂಳೋಕೆ ಕಂಡೋರ ಗದ್ದೆ ಬದು ಬೇಡ್ಬೇಕಿತ್ತು. ಎರಡು ಮೊಳ ಮಣ್ಣಿಗೆ ಯಾರ್ಯಾರ ಕಾಲೋ ಹಿಡೀಬೇಕಿತ್ತು. ನಿಮ್ಮಜ್ಜ ಈಗ ಮರಳು ದಿಬ್ಬದಲ್ಲಿ ಬೆಚ್ಚಗೆ ಮಲಗಿದಾನೆ. ನಮ್ಮದೇ ಜಾಗ."

"ಹಾಗಾದ್ರೆ ದುವೊಕ್."

"ದಡಕ್ಕೆ ಬಂದ ದಿನ ದೋಣಿ ಒಡೆದ್ವಿ. ಒಡೀರಿ ಅಂತ ಯಾರೂ ಅನ್ನಲಿಲ್ಲ, ನಿಮ್ಮಜ್ಜನೇ ಕೊಡಲಿ ತಗೊಂಡ. ಇದ್ರೆ ಮತ್ತೆ ನೀರಿಗೆ ಹೋಗ್ಬೇಕು ಅನ್ಸುತ್ತೆ ಅಂದ. ನಾನು ಹುಟ್ಟಿದ ಹಲಗೆ, ನಮ್ಮಮ್ಮ ಸತ್ತ ಹಲಗೆ. ಅದನ್ನೇ ಒಲೆಗಿಟ್ಟು ಅನ್ನ ಮಾಡ್ದೆ. ನಿಮ್ಮಮ್ಮ ಆಗ ಹೊಟ್ಟೇಲಿದ್ಲು."

ತ್ರಾಮ್ ದನಿ ತಗ್ಗಿಸಿದಳು. "ಹಾಗಾದ್ರೆ ಬಿ."

"ಅನ್ನ ಚೆನ್ನಾಗೇ ಆಗಿತ್ತು ಕಣೇ."

ತ್ರಾಮ್ ಬರೆದಳು, ಅಳಿಸಿದಳು, ಮತ್ತೆ ಬರೆದಳು, ಮತ್ತೆ ಅಳಿಸಿದಳು. ಆ ಒಂದು ಜಾಗದಲ್ಲಿ ಹಾಳೆ ತೆಳ್ಳಗಾಗಿ ಆಚೆಯ ಬೆಳಕು ಕಾಣುತ್ತಿತ್ತು. ರಸ್ತೆಯಲ್ಲಿ ಶಾಲೆಯ ಸೈಕಲ್ಲುಗಳು ಸಾಲಾಗಿ ಹೋಗತೊಡಗಿದವು. ಯಾರೋ ಅವಳ ಹೆಸರು ಕೂಗಿ, ಕಾಯದೆ ಹೋದರು.

"ಒಂದು ಹೇಳಜ್ಜಿ," ಎಂದಳು, ಕಣ್ಣಲ್ಲಿ ನೀರು ತುಂಬಿ. "ನೀನು ಒಂದು ಹೇಳಿದ್ರೆ ನಾನು ಶನಿವಾರ ದೋಣೀಲಿ ಹೋಗ್ತೀನಿ. ಹೇಳ್ದಿದ್ರೆ ಇಲ್ಲ. ಸುಳ್ಳಾದ್ರೂ ಪರವಾಗಿಲ್ಲ."

ಅಜ್ಜಿ ದಾರ ಕಚ್ಚಿ ಹರಿದು, ಕಾಲಿಂದ ನೆಲ ಒತ್ತಿ ಜೋಲಿ ನಿಲ್ಲಿಸಿದಳು. ಮೊಮ್ಮಗಳ ಕೆನ್ನೆಯನ್ನು ಬಲೆಯ ವಾಸನೆಯ ಕೈಯಿಂದಲೇ ಒರೆಸಿದಳು.

"ದಿನಾ ಸಾಯಂಕಾಲ ಬುದ್ಧನ ಮುಂದೆ ಊದುಬತ್ತಿ ಹಚ್ಚಿ ಇದನ್ನೇ ಕೇಳ್ತೀನಿ. ನಿನ್ನಿಂದ ಒಳ್ಳೇದಾಯ್ತು ಅಂತ ಅಡ್ಡಬೀಳಲೋ, ಹೀಗ್ಯಾಕೆ ಮಾಡ್ದೆ ಅಂತ ಅಳಲೋ ಅಂತ. ಅವನೂ ಇವತ್ತಿನವರೆಗೆ ಹೇಳಿಲ್ಲ."

"ಅವನು ಹೇಳ್ದಿದ್ರೆ ನೀನು ಹೇಳು."

"ನಾನೂ ಹೇಳಲ್ಲ."