ಘಟದ ಹಳದಿ ಸಸಿಗಳು

ಒದ್ದೆ ಮಣ್ಣಿನಲ್ಲಿ ಮೊಳೆತ ಗೋಧಿಯ ವಾಸನೆ ಬಂದರೆ ಈಗಲೂ ನಾಸಿಕ್ ಊರಿನ ನಮ್ಮ ಮನೆಯ ಆ ನವರಾತ್ರಿಯ ಮಧ್ಯಾಹ್ನ ನೆನಪಾಗುತ್ತದೆ.

ಬೀದರಿನಿಂದ ಬಂದಿದ್ದ ಅಜ್ಜಿ ಕತ್ತಲೆಯ ದೇವರ ಕೋಣೆಯಲ್ಲಿ, ಮಣ್ಣು ಹರಡಿ ನಡುವೆ ಕಲಶವಿಟ್ಟು, ಘಟ ಹಾಕಿದ್ದಳು. ಒಂಬತ್ತು ದಿನ ಅದನ್ನು ಯಾರೂ ಅಲುಗಿಸುವಂತಿರಲಿಲ್ಲ. ಸುತ್ತ ಬಿತ್ತಿದ್ದ ಗೋಧಿ ಬೆಣ್ಣೆಯಂಥ ಹಳದಿ ಸಸಿಗಳಾಗಿ ಎದ್ದಿತ್ತು. ಅವಕ್ಕೆ ಕಾಮಾಲೆಯಾಗಿದೆ ಎಂದುಕೊಂಡು, ಹಿಂದಿನ ದಿನ ನಾನು ಒಂದು ಹಿಡಿಯನ್ನು ಮಣ್ಣುಸಮೇತ ಬಟ್ಟಲಿಗೆ ಹಾಕಿ ಕಿಟಕಿಯಲ್ಲಿ ಇಟ್ಟಿದ್ದೆ. ಬಟ್ಟಲು ಅಜ್ಜಿಯ ಕೈಗೆ ಸಿಕ್ಕಾಗ ಸಸಿಗಳು ಹಸಿರಾಗಿದ್ದವು.

“ಘಟ ಮುಟ್ಟಿದ್ಯಾ? ಬಣ್ಣ ಹಚ್ಚಿದ್ಯಾ?”

ಅಪ್ಪ ನಕ್ಕರು. “ಬಣ್ಣ ಅಲ್ಲವ್ವಾ. ಬೆಳಕು ಕಂಡ್ರ ಎಲಿ ಹಸಿರಾಗ್ತದ. ಆ ಹಸಿರು ಬಿಸಿಲು ಹಿಡೀತದ, ಅದರಿಂದ್ಲೇ ತನ್ನ ಊಟ ತಾನೇ ಮಾಡ್ಕೋತದ.”

ನಾನು ಬೈಗುಳಕ್ಕೆ ಕಾದು ನಿಂತಿದ್ದೆ. ಅಜ್ಜಿ ಬಟ್ಟಲನ್ನು ಮತ್ತೆ ಕಿಟಕಿಯಲ್ಲಿಟ್ಟು ಬಹಳ ಹೊತ್ತು ನೋಡಿದಳು. ನನ್ನ ನೆರಳು ಸಸಿಗಳ ಮೇಲೆ ಬಿದ್ದಿತ್ತು.

“ಬಾಜೂ ಸರಿ, ಮಗಾ,” ಎಂದಳು ಮೆಲ್ಲಗೆ. “ಅದು ಉಣ್ಲಕತ್ತದ.”