ಉಪ್ಪು ಕುಡಿದ ಗುಲಾಬಿ

ಒಣಮೀನು ನೆನೆಸಿದ ನೀರಿನ ವಾಸನೆ ಬಂದರೆ ಈಗಲೂ ನನ್ನ ಕಣ್ಣು ಮೊದಲು ಗುಲಾಬಿ ಗಿಡದತ್ತ ಹೋಗುತ್ತದೆ.

ಬೆಳಕೆ ಊರಿನ ನಮ್ಮ ಮನೆಯಂಗಳದಲ್ಲಿ ಅಜ್ಜಿಯ ಊರಗುಲಾಬಿ ಇತ್ತು. ಬಿಸಿಲಿಗೂ ಮಳೆಗೂ ಜಗ್ಗದ ಮುಳ್ಳುಪೊದೆ. ಹಸಿಮೀನು ತೊಳೆದ ನೀರೇ ಅದಕ್ಕೆ ಗೊಬ್ಬರ. ನಾನು ತಿಳಿಯದೆ ಒಣಮೀನಿನ ಉಪ್ಪುನೀರು ಸುರಿದಿದ್ದೆ. ಅಮ್ಮನಿಗೆ ಮಾತ್ರ ಹೇಳಿದ್ದೆ. ನಾಲ್ಕೇ ದಿನಕ್ಕೆ ಎಲೆಗಳ ಅಂಚು ಸುಟ್ಟಂತೆ ಕಂದಿತು.

ಆ ಮಧ್ಯಾಹ್ನ ಅಜ್ಜಿ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಇದ್ಕೆ ಎಂತ ಹೊಯ್ದದ್ದು?"

ನಾನು ಅಮ್ಮನ ಸೆರಗು ಹಿಡಿದೆ.

"ನಾನೇ ಅತ್ತೆ. ಗಮನ ಇಲ್ದೆ ಒಣಮೀನಿನ ನೀರು ಹೊಯ್ದೆ," ಎಂದಳು ಅಮ್ಮ.

ಅಜ್ಜಿ ಒಣಗಿದ ರೆಂಬೆಗಳನ್ನು ಕತ್ತರಿಸಿ, ಬುಡದ ಮಣ್ಣು ಸಡಿಲಿಸಿದಳು. "ಆತು. ದಿನಾ ಬಾವಿನೀರು ಹೊಯ್ದು ಉಪ್ಪು ಇಳಿಸ್ಬೇಕು."

ಒಳಗೆ ಹೋಗಿ, ಮನೆಯಲ್ಲಿದ್ದ ಅತಿ ಚಿಕ್ಕ ಕೊಡವನ್ನು ತಂದು ನನ್ನ ಕೈಗೆ ಕೊಟ್ಟಳು.