ಅಕ್ಕನ ಬ್ಲಾಗು, ತಮ್ಮನ ಸ್ಕ್ರಿಪ್ಟು

“ಭಾವ, ಈಗ ನೋಡಿ. ಅಕ್ಕನ ಬ್ಲಾಗ್ ಇರೋ ಸರ್ವರನ್ನೇ ಅಳಿಸಿಬಿಡ್ತೀನಿ,” ಎಂದು ತಮ್ಮ ಲ್ಯಾಪ್‌ಟಾಪನ್ನು ಊಟದ ಮೇಜಿನ ನಡುವೆ ತಳ್ಳಿದ.

ಭಾವ ಗಾಬರಿಯಾದರು. “ಯಾಕಪ್ಪಾ, ಚೆನ್ನಾಗೇ ಇದೆಯಲ್ಲ?”

ಚೆನ್ನಾಗಿದ್ದದ್ದೇ ತೊಂದರೆ. ಒಂದು ಮಧ್ಯಾಹ್ನದಲ್ಲಿ ಕೈಯಾರೆ ಮುಗಿಸಬಹುದಾಗಿದ್ದ ಕೆಲಸಕ್ಕೆ ಅವನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಸ್ಕ್ರಿಪ್ಟ್ ಬರೆದಿದ್ದ. ಬೆಟ್ಟ ಅಗೆದು ಇಲಿ ಹಿಡಿಯುವುದೆಂದರೆ ತನಗೆ ಪಂಚಪ್ರಾಣ ಎಂಬುದು ಅವನಿಗೂ ಗೊತ್ತಿತ್ತು. ಕ್ಲೌಡ್‌ನಲ್ಲಿ ಹೊಸ ಸರ್ವರ್ ಬಾಡಿಗೆಗೆ ಹಿಡಿಯುವುದು, ಅದರಲ್ಲಿ ಬ್ಲಾಗ್ ಕೂರಿಸುವುದು, ಕಳ್ಳರು ನುಗ್ಗದಂತೆ ಬೀಗ ಹಾಕುವುದು, ಎಲ್ಲವನ್ನೂ ಆ ಸ್ಕ್ರಿಪ್ಟ್ ತನ್ನಷ್ಟಕ್ಕೆ ತಾನೇ ಮಾಡುತ್ತಿತ್ತು. ಆದರೆ ಸರ್ವರ್ ಕೆಡದಿದ್ದರೆ ಈ ಪಾಂಡಿತ್ಯವನ್ನು ಯಾರಿಗೆ ತೋರಿಸುವುದು? ಹಾಳಾದದ್ದು ಒಮ್ಮೆಯೂ ಕೆಡಲಿಲ್ಲ.

ಬಟ್ಟೆ ಹೊಲಿಯುತ್ತಿದ್ದ ಅಕ್ಕ ಮಷೀನ್ ನಿಲ್ಲಿಸಿ ಎದ್ದು ಬಂದಳು. ಅಳತೆ ಕೊಡಲು ಕೈ ಚಾಚಿ ನಿಂತವರು ಅದೇಕೋ ಅವಳ ಮುಂದೆ ಮನಸ್ಸು ಬಿಚ್ಚುತ್ತಿದ್ದರು. ಅದನ್ನೆಲ್ಲ ಅವಳು, ಯಾರ ಹೆಸರೂ ಹೇಳದೆ, ಬ್ಲಾಗಿನಲ್ಲಿ ಬರೆಯುತ್ತಿದ್ದಳು. ಗುರುತಿಲ್ಲದವರೂ ಓದಿ, ಮುಂದಿನದು ಯಾವಾಗ ಎಂದು ಕೇಳುತ್ತಿದ್ದರು. ಹೊಲಿಗೆಯ ಆಚೆಗೆ ತನ್ನದು ಎಂದು ಅವಳಿಗಿದ್ದದ್ದು ಅದೊಂದೇ.

ತಮ್ಮ ಸರ್ವರ್ ಅಳಿಸಿದ. ಆಮೇಲೆ ಒಂದೇ ಒಂದು ಕಮಾಂಡ್ ಕೊಟ್ಟು ಕೈಕಟ್ಟಿ ಕೂತ. ಪರದೆಯ ಮೇಲೆ ಹಸಿರು ಸಾಲುಗಳು ಸರಸರನೆ ಓಡಿದವು. ಭಾವನ ಚಹಾ ಆರುವ ಮುಂಚೆಯೇ ಬ್ಲಾಗ್ ಮತ್ತೆ ಎದ್ದು ನಿಂತಿತು. ಅದೇ ಬಣ್ಣ, ಅದೇ ಅಕ್ಷರವಿನ್ಯಾಸ, ಕತ್ತರಿ ಹಿಡಿದ ಅಕ್ಕನ ಅದೇ ಫೋಟೋ.

“ಹೇಗೆ?” ಎಂದು ಅವನು ಇಲ್ಲದ ಮೀಸೆ ತಿರುವಿದ.

“ನಾನು ಬರೆದಿದ್ದೆಲ್ಲಾ ಎಲ್ಲೋ?” ಎಂದಳು ಅಕ್ಕ.

ಪುಟದಲ್ಲಿ ಇದ್ದದ್ದು ಇಷ್ಟೇ: ‘ಸ್ವಾಗತ. ಇದು ನಿಮ್ಮ ಮೊದಲ ಬರಹ.’ ಫೋಟೋದ ಅಂಚಿನ ಬಣ್ಣದವರೆಗೆ ಎಲ್ಲವನ್ನೂ ಸ್ಕ್ರಿಪ್ಟಿಗೆ ಹೇಳಿಕೊಟ್ಟಿದ್ದ ಮಹಾಶಯ, ಬರಹಗಳನ್ನು ಬೇರೆ ಕಡೆ ಎತ್ತಿಡು ಎಂದು ಮಾತ್ರ ಹೇಳಿರಲಿಲ್ಲ. ಅವು ಹಳೆಯ ಸರ್ವರಿನಲ್ಲೇ ಇದ್ದವು, ಅದರ ಜೊತೆಗೇ ಹೋದವು.

“ನಿನ್ನ ಹತ್ರ ಒಂದು ಕಾಪಿ ಇರಬೇಕಲ್ವಾ, ಅಕ್ಕಾ?”

“ಇಲ್ಲ ಕಣೋ. ನೀನಿದ್ದೀಯಲ್ಲ ಅಂತ ಇಟ್ಕೊಂಡಿರ್ಲಿಲ್ಲ.”

ನಾಲ್ಕು ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಕುರ್ಚಿ ಎಳೆದು ಪೆನ್ನು ಹಿಡಿದು ಕೂತಳು. “ಹೋಗ್ಲಿ ಬಿಡು. ದಿನಾ ಅದನ್ನೇ ತೆಗೆದು ನೋಡ್ತಿದ್ದೆಯಲ್ಲ. ನಿನಗೆ ನೆನಪಿರೋದನ್ನ ಹೇಳು, ಮತ್ತೆ ಬರೀತೀನಿ.”

ಅವನು ನಿಜಕ್ಕೂ ದಿನಾ ನೋಡಿದ್ದ. ತಲೆ ಕೆರೆದುಕೊಂಡ. ಭಾವನ ಮುಖ ನೋಡಿದ, ನೆಲ ನೋಡಿದ.

“ಬಹಳ ಬೇಗ ಓಪನ್ ಆಗ್ತಿತ್ತು, ಅಕ್ಕಾ,” ಎಂದ.